ಸುಂಕ ಇಳಿದರೂ ಸ್ವಿಸ್ ವಾಚ್ ಅಗ್ಗವಾಗುವುದಿಲ್ಲ ಏಕೆ? ಬಿಲ್ ಇಲ್ಲದೆ ಕೊಂಡರೆ ಅಪಾಯವೇನು?

ನವದೆಹಲಿ: ಸ್ವಿಟ್ಜರ್ಲೆಂಡ್ ವಾಚ್‌ಗಳ ಮೇಲಿನ ಆಮದು ಸುಂಕ ಶೂನ್ಯಕ್ಕೆ ಇಳಿಯಲಿದೆ ಎಂಬ ಸುದ್ದಿ ಬಂದಾಗ ರೋಲೆಕ್ಸ್, ಒಮೆಗಾ ಕಟ್ಟುವ ಆಸೆ ಇಟ್ಟುಕೊಂಡವರು ಖುಷಿಪಟ್ಟಿದ್ದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಆ ಖುಷಿಗೆ ಸದ್ಯಕ್ಕೆ ಹೆಚ್ಚು ಆಧಾರವಿಲ್ಲ. ಬೆಲೆಗಿಂತ ದೊಡ್ಡ ಪ್ರಶ್ನೆಯೊಂದನ್ನು ಖರೀದಿದಾರರು ಮರೆಯುತ್ತಿದ್ದಾರೆ. ಅದು ಬಿಲ್‌ನ ಪ್ರಶ್ನೆ.

ಒಪ್ಪಂದದಲ್ಲಿ ಏನಿದೆ?

ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲ್ಯಾಂಡ್ ಮತ್ತು ಲಿಕ್ಟೆನ್‌ಸ್ಟೈನ್ ದೇಶಗಳ ಒಕ್ಕೂಟದ ಜತೆ ಭಾರತ 2024ರ ಮಾರ್ಚ್ 10ರಂದು ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿತು. 2025ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬಂದಿದೆ. ಸ್ವಿಸ್ ವಾಚ್‌ಗಳ ಮೇಲಿದ್ದ ಶೇ 20ರ ಮೂಲ ಸುಂಕವನ್ನು ಏಳು ವರ್ಷಗಳಲ್ಲಿ ಹಂತ ಹಂತವಾಗಿ ತೆಗೆಯುವುದು ಇದರ ಒಂದು ಅಂಶ.

ಅಂದರೆ ಕಡಿತ ಒಂದೇ ಏಟಿಗೆ ಆಗುವುದಿಲ್ಲ. ಸಮವಾಗಿ ಹಂಚಿದರೆ ವರ್ಷಕ್ಕೆ ಮೂರು ಅಂಶದಷ್ಟು ಮಾತ್ರ.

5 ಲಕ್ಷ ರೂಪಾಯಿಯ ಲೆಕ್ಕ

ಬಂದರಿನಲ್ಲಿ 5 ಲಕ್ಷ ರೂ. ಮೌಲ್ಯದ ವಾಚ್ ಇಳಿಯಿತು ಎಂದುಕೊಳ್ಳಿ. ಹಳೆಯ ದರದಲ್ಲಿ 1 ಲಕ್ಷ ರೂ. ಸುಂಕ, ಅದರ ಮೇಲೆ 10 ಸಾವಿರ ರೂ. ಸಮಾಜ ಕಲ್ಯಾಣ ಸರ್‌ಚಾರ್ಜ್, ಒಟ್ಟು ಮೊತ್ತಕ್ಕೆ ಶೇ 18 ಜಿಎಸ್‌ಟಿ ಸೇರಿ 7,19,800 ರೂ. ಆಗುತ್ತದೆ. ಸುಂಕ ಶೇ 17ಕ್ಕೆ ಇಳಿದರೆ ಇದು 7,00,330 ರೂ. ಉಳಿತಾಯ 20 ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಸುಂಕ ಪೂರ್ತಿ ಹೋದ ಮೇಲೂ ಜಿಎಸ್‌ಟಿ ಉಳಿಯುತ್ತದೆ, ಮೊತ್ತ 5,90,000 ರೂ. ಇದಕ್ಕೆ ಮಾರಾಟಗಾರರ ಲಾಭಾಂಶ ಬೇರೆ.

ಈಗ ಕರೆನ್ಸಿ ನೋಡಿ. ಒಪ್ಪಂದಕ್ಕೆ ಸಹಿ ಬಿದ್ದಾಗ ಒಂದು ಸ್ವಿಸ್ ಫ್ರಾಂಕ್‌ಗೆ ಸುಮಾರು 95 ರೂ. ಇತ್ತು. ಜಾರಿಗೆ ಬರುವ ಹೊತ್ತಿಗೆ 110 ರೂ. ದಾಟಿತ್ತು. ಅದೇ 5 ಲಕ್ಷದ ವಾಚ್ ಸುಂಕ ಕಟ್ಟುವ ಮೊದಲೇ ಸುಮಾರು 79 ಸಾವಿರ ರೂ. ತುಟ್ಟಿಯಾದಂತಾಯಿತು. ಸರ್ಕಾರ ಬಿಟ್ಟುಕೊಟ್ಟಿದ್ದಕ್ಕಿಂತ ಹೆಚ್ಚನ್ನು ವಿನಿಮಯ ದರವೇ ನುಂಗಿದೆ.

ದುಬೈನಿಂದ ತಂದರೆ?

ಸುಂಕದ ಈ ಅಂತರವೇ ಇಷ್ಟು ವರ್ಷ ಬಿಲ್ ಇಲ್ಲದ ವ್ಯಾಪಾರವನ್ನು ಸಾಕಿದ್ದು. ದುಬೈ, ಸಿಂಗಪುರದಿಂದ ಕೈಗೆ ಕಟ್ಟಿಕೊಂಡು ಬಂದ ವಾಚ್‌ಗಳು ಮುಂಬೈ, ದೆಹಲಿಯಂಥ ನಗರಗಳಲ್ಲಿ ಪರಿಚಯಸ್ಥರ ಮೂಲಕ ಕೈ ಬದಲಾಗುತ್ತವೆ. ಒಪ್ಪಂದದ ರಿಯಾಯಿತಿ ಇಂಥವಕ್ಕೆ ಸಿಗುವುದಿಲ್ಲ. ಪ್ರಯಾಣಿಕರು ಲಗೇಜಿನಲ್ಲಿ ತರುವ ವಸ್ತುಗಳಿಗೆ ಪ್ರತ್ಯೇಕ ನಿಯಮವಿದೆ.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. 1962ರ ಕಸ್ಟಮ್ಸ್ ಕಾಯ್ದೆಯ 123ನೇ ಸೆಕ್ಷನ್ ಚಿನ್ನದ ಜತೆ ವಾಚನ್ನೂ ಹೆಸರಿಸಿದೆ. ಕಳ್ಳಸಾಗಣೆಯ ಮಾಲು ಎಂದು ನಂಬಲು ಕಾರಣವಿದ್ದು ಅಧಿಕಾರಿಗಳು ವಾಚ್ ವಶಪಡಿಸಿಕೊಂಡರೆ, ಅದು ಕಳ್ಳಮಾಲಲ್ಲ ಎಂದು ಸಾಬೀತುಪಡಿಸುವ ಹೊಣೆ ಅದು ಯಾರ ಬಳಿ ಇತ್ತೋ ಅವರದ್ದು, ತಾನು ಮಾಲೀಕನೆಂದು ಹೇಳುವವರದ್ದು. ಬಿಲ್ ಇಲ್ಲದಿದ್ದರೆ ಸಾಬೀತು ಹೇಗೆ?

2021ರ ನವೆಂಬರ್‌ನಲ್ಲಿ ದುಬೈನಿಂದ ಮುಂಬೈಗೆ ಬಂದ ಕ್ರಿಕೆಟಿಗ ಹಾರ್ದಿಕ್ ಪಾಂಡ್ಯ ಅವರ ವಾಚ್ ಸುದ್ದಿಯಾಗಿತ್ತು. ತಾವಾಗಿಯೇ ಕಸ್ಟಮ್ಸ್ ಕೌಂಟರ್‌ಗೆ ಹೋಗಿ ಘೋಷಿಸಿದ್ದಾಗಿ, ಅದರ ಬೆಲೆ 5 ಕೋಟಿ ಅಲ್ಲ, ಸುಮಾರು 1.5 ಕೋಟಿ ರೂ. ಎಂದು ಅವರು ಸ್ಪಷ್ಟನೆ ನೀಡಬೇಕಾಯಿತು. 2016ರಲ್ಲಿ ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯ ಅವರ ಹ್ಯೂಬ್ಲೊ ವಾಚ್ ವಿವಾದವೂ ಸುತ್ತಿದ್ದು ಅದು ಎಲ್ಲಿಂದ ಬಂತು ಎಂಬ ಪ್ರಶ್ನೆಯನ್ನೇ. ಗೆಳೆಯರು ಕೊಟ್ಟ ಉಡುಗೊರೆ ಎಂದ ಅವರು ಕೊನೆಗೆ ಅದನ್ನು ವಿಧಾನಸಭೆ ಸ್ಪೀಕರ್‌ಗೆ ಒಪ್ಪಿಸಿದರು.

ತೆರಿಗೆ ಇಲಾಖೆಯ ಕಣ್ಣು

ಕಾನೂನುಬದ್ಧ ಖರೀದಿಯ ಮೇಲೂ ನಿಗಾ ಹೆಚ್ಚಿದೆ. 2025ರ ಏಪ್ರಿಲ್ 22ರಿಂದ 10 ಲಕ್ಷ ರೂ. ಮೀರಿದ ವಾಚ್‌ಗೆ ಮಾರಾಟಗಾರರು ಶೇ 1ರಷ್ಟು ಟಿಸಿಎಸ್ ವಸೂಲಿ ಮಾಡುತ್ತಾರೆ. 12 ಲಕ್ಷದ ವಾಚ್‌ಗೆ 12 ಸಾವಿರ ರೂ. ರಿಟರ್ನ್ಸ್ ಸಲ್ಲಿಸುವಾಗ ಇದನ್ನು ಹೊಂದಿಸಿಕೊಳ್ಳಬಹುದು, ಹಾಗಾಗಿ ಇದು ಹೆಚ್ಚುವರಿ ತೆರಿಗೆ ಅಲ್ಲ. ಆದರೆ ಯಾರು, ಎಷ್ಟರ ವಾಚ್ ಕೊಂಡರು ಎಂಬ ಮಾಹಿತಿ ಪ್ಯಾನ್ ಸಮೇತ ಇಲಾಖೆಗೆ ತಲುಪುತ್ತದೆ.

ಹೂಡಿಕೆ ಎಂದು ಕೊಳ್ಳಬಹುದೇ?

ಕೋವಿಡ್ ಕಾಲದಲ್ಲಿ ರೋಲೆಕ್ಸ್, ಪಾಟೆಕ್ ಫಿಲಿಪ್ ವಾಚ್‌ಗಳ ಸೆಕೆಂಡ್ ಹ್ಯಾಂಡ್ ಬೆಲೆ ಗಗನಕ್ಕೇರಿತ್ತು. 2022ರ ಆರಂಭದ ನಂತರ ಅದೇ ಮಾರುಕಟ್ಟೆ ಜಾರಿತು. ಆ ಏರಿಕೆಯ ತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು.

ಸಂಗ್ರಹಕಾರರು ದುಡ್ಡು ಕೊಡುವುದು ವಾಚ್‌ನ ಚರಿತ್ರೆಗೆ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕ್ ಹರಾಜಿನಲ್ಲಿ 1.77 ಕೋಟಿ ಡಾಲರ್‌ಗೆ ಹೋಗಿದ್ದು ಉಕ್ಕಿನ ಕವಚಕ್ಕಾಗಿ ಅಲ್ಲ. ಅದು ಅವರದ್ದೇ ವಾಚ್ ಎಂಬುದಕ್ಕೆ ಪುರಾವೆ ಇತ್ತು.

ಸಾಮಾನ್ಯ ಖರೀದಿದಾರರಿಗೂ ಅದೇ ಸೂತ್ರ. ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್, ಸರ್ವಿಸ್ ದಾಖಲೆ ಜೋಪಾನವಾಗಿದ್ದರೆ ಮಾರುವಾಗಲೂ ಬೆಲೆ, ಕಳೆದರೂ ವಿಮೆ, ಪ್ರಶ್ನೆ ಎದ್ದರೆ ಉತ್ತರ. ಗೆಳೆಯರ ಗೆಳೆಯರಿಂದ ಒಂದು ಲಕ್ಷ ಕಡಿಮೆಗೆ ಸಿಕ್ಕ ವಾಚ್‌ಗೆ ಈ ಮೂರೂ ಇರುವುದಿಲ್ಲ. ಸುಂಕ ಇಳಿದಂತೆ ಆ ಒಂದು ಲಕ್ಷದ ಲಾಭವೂ ಕರಗಲಿದೆ, ಅಪಾಯ ಮಾತ್ರ ಹಾಗೇ ಉಳಿಯಲಿದೆ.