ಶಿಳ್ಳೆ ಹಾಕುವ ಬಾತು

ಮುಸ್ಸಂಜೆಯ ಹೊತ್ತು ದೇವದುರ್ಗದ ಸೀಮೆಯಲ್ಲಿ ಕೆರೆಯ ಮೇಲಿನಿಂದ ಶಿಳ್ಳೆ ಕೇಳಿಬಂದರೆ, ತುಂಟ ಹುಡುಗರನ್ನು ಗದರಿಸಲು ಹೊರಡಬೇಕಾಗಿಲ್ಲ. ಶಿಳ್ಳೆಬಾತುಗಳ ಹಿಂಡು ಮೇವಿಗೆ ಹೊರಟಿರಬಹುದು.

ಸುಮಾರು ಅರ್ಧ ಕಿಲೋ ತೂಗುವ, ಕೆಂಗಂದು ಮೈಯ ಈ ಹಕ್ಕಿಗೆ ಹಗಲು ವಿಶ್ರಾಂತಿಯ ವೇಳೆ; ಇರುಳು ಊಟದ ವೇಳೆ. ನೀರುಗಿಡ, ಬೀಜ, ಭತ್ತದ ಕಾಳು, ಬಸವನಹುಳು ಇದರ ಆಹಾರ. ಭಾರತದಿಂದ ಜಾವಾದವರೆಗೂ ಇದರ ವಾಸವುಂಟು. ‘ಡೆಂಡ್ರೊಸಿಗ್ನ ಜಾವಾನಿಕ’ ಎಂಬ ಇದರ ಶಾಸ್ತ್ರೀಯ ನಾಮಕ್ಕೆ ‘ಜಾವಾದ ಮರಹಂಸ’ ಎಂದರ್ಥ.

ನೀರಿನ ಹಕ್ಕಿಗೆ ಮರದ ಹೆಸರೇಕೆ? ಇದು ಸಂಸಾರ ಹೂಡುವುದು ಬಹುಮಟ್ಟಿಗೆ ಮರದಲ್ಲಿ. ಮಳೆಗಾಲ ಬಂತೆಂದರೆ ಹಳೆಯ ಮರದ ಪೊಟರೆಯನ್ನು ಹುಡುಕಿ, ಹೆಣ್ಣು 7ರಿಂದ 12 ಮೊಟ್ಟೆಗಳನ್ನಿಡುತ್ತದೆ. ಪೊಟರೆ ದೊರೆಯದಿದ್ದರೆ ಕಾಗೆ, ಹದ್ದುಗಳು ತೊರೆದ ಗೂಡು. ಅದೂ ಇಲ್ಲವಾದರೆ ಜೊಂಡಿನ ನಡುವಣ ನೆಲ. ಅನೇಕ ಬಾತುಗಳಲ್ಲಿ ಕಾವು ಕೊಡುವುದು ತಾಯಿಯೊಬ್ಬಳ ಹೊರೆ. ಶಿಳ್ಳೆಬಾತಿನಲ್ಲಿ ಹಾಗಲ್ಲ, ಸುಮಾರು ಮೂರು ವಾರಕ್ಕೂ ಮಿಕ್ಕ ಆ ತಪಸ್ಸನ್ನು ಗಂಡೂ ಹೆಣ್ಣೂ ಹಂಚಿಕೊಳ್ಳುತ್ತವೆ.

ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ, ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೆ ನೀರು ತಂದಿವೆ. ನೀರಿನೊಡನೆ ಭತ್ತವೂ ಬಂದಿತು. ಬಾತಿಗೆ ಊಟಕ್ಕೆ ಕೊರತೆಯಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗಾರನ ಕೋವಿಯನ್ನೂ ತಡೆದಿದೆ. ಆದರೆ ಪೊಟರೆ? ಕೆರೆಯ ಏರಿಯ ಮೇಲಿನ ಮುದಿಮರ ಮನುಷ್ಯನ ಕಣ್ಣಿಗೆ ಬರಿಯ ಸೌದೆ. ಅದನ್ನುರುಳಿಸಲು ಒಂದು ಬೆಳಗು ಸಾಕು. ಅದರ ಜಾಗದಲ್ಲಿ ನೆಟ್ಟ ಸಸಿ ಬೆಳೆದು, ಮುಪ್ಪಾಗಿ, ಟೊಳ್ಳಾಗುವ ಹೊತ್ತಿಗೆ ಮನುಷ್ಯನ ಒಂದು ಆಯುಸ್ಸೇ ಕಳೆದಿರುತ್ತದೆ. ಕೆರೆಯಲ್ಲಿ ನೀರು ನಿಂತರಷ್ಟೇ ಸಾಲದು. ದಡದಲ್ಲಿ ಮರವೂ ನಿಂತಿದ್ದರೆ ಶಿಳ್ಳೆಬಾತಿನ ಸಂಸಾರ ನಿಂತೀತು.