ಕೂದಲೆಳೆಯ ತಂತಿ, ಸಾವಿರಾರು ಸುತ್ತು

ಕಮಲಾಪುರದ ಕೆಂಪು ಬಾಳೆಯ ತೋಟದಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟರೆ ಅದು ವೈಂಡಿಂಗ್ ಅಂಗಡಿಗೆ ಹೋಗುತ್ತದೆ. ಅಲ್ಲಿ ಕಪ್ಪಾದ ತಾಮ್ರದ ತಂತಿ ಕಿತ್ತು ಹೊಸದನ್ನು ಸುತ್ತುತ್ತಾರೆ. ಎಲೆಕ್ಟ್ರಿಕ್ ಗಿಟಾರಿನ ಪಿಕಪ್ ಬದಲಿಸುವುದೆಂದರೆ ಹೆದರುವ ಹುಡುಗ ಹುಡುಗಿಯರು ಆ ಅಂಗಡಿಯ ಮುಂದೆ ಹತ್ತು ನಿಮಿಷ ನಿಲ್ಲಬೇಕು. ಪಿಕಪ್ಪಿನೊಳಗೂ ಇರುವುದು ಎನಾಮಲ್ ಬಳಿದ ತಾಮ್ರದ ತಂತಿಯೇ. ಆದರೆ ಕೂದಲೆಳೆಯಷ್ಟು ಸಣ್ಣದು, ದಪ್ಪ ಸುಮಾರು 0.06 ಮಿಲಿಮೀಟರ್. ಅಯಸ್ಕಾಂತದ ಸುತ್ತ ಅದನ್ನು ಏಳೆಂಟು ಸಾವಿರ ಸುತ್ತು ಸುತ್ತಿರುತ್ತಾರೆ.

ಪಿಕಪ್ಪಿನ ಮೇಲೆ ಹಾದುಹೋಗುವ ಗಿಟಾರಿನ ಉಕ್ಕಿನ ತಂತಿ ಮಿಡಿದಾಗ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡುಕೊಂಡ ತತ್ತ್ವವಿದು. ನೈಲಾನ್ ತಂತಿ ಹಾಕಿದರೆ ಪಿಕಪ್ ಮೂಕವಾಗುವುದು ಇದೇ ಕಾರಣಕ್ಕೆ.

ಹೊಸ ಪಿಕಪ್ಪಿಗೆ ದುಡ್ಡು ಕೊಡುವ ಮೊದಲು ಸ್ಕ್ರೂಡ್ರೈವರ್ ಹಿಡಿಯಿರಿ. ಪಿಕಪ್ಪಿನ ಎರಡು ತುದಿಯ ಸ್ಕ್ರೂ ತಿರುಗಿಸಿದರೆ ಅದು ಏರುತ್ತದೆ, ಇಳಿಯುತ್ತದೆ. ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ ಹಿಡಿದಾಗ ಅದಕ್ಕೂ ಪಿಕಪ್ಪಿಗೂ ನಡುವೆ ಎರಡು ಎರಡೂವರೆ ಮಿಲಿಮೀಟರ್ ಇರಲಿ. ತೀರಾ ಹತ್ತಿರ ತಂದರೆ ಅಯಸ್ಕಾಂತ ತಂತಿಯನ್ನೇ ಜಗ್ಗಿ ಶ್ರುತಿ ಕೆಡಿಸುತ್ತದೆ. ಹೊಸ ತಂತಿ ಹಾಕಿ, ಎತ್ತರ ಸರಿಪಡಿಸಿ ಒಂದು ವಾರ ನುಡಿಸಿ ನೋಡಿ. ಎಷ್ಟೋ ಗಿಟಾರುಗಳಿಗೆ ಅಷ್ಟೇ ಸಾಕು. ಫ್ರೆಟ್ಟಿಗೆ ತಂತಿ ಬಡಿಯುವ ಸದ್ದನ್ನು ಯಾವ ದುಬಾರಿ ಪಿಕಪ್ಪೂ ಹೋಗಲಾಡಿಸುವುದಿಲ್ಲ.

ಗುಂಯ್ ಸದ್ದಿನ ಮಾತು ಬೇರೆ. ಒಂಟಿ ಸುರುಳಿಯ ಪಿಕಪ್ ಮನೆಯ 50 ಹರ್ಟ್ಸ್ ಕರೆಂಟಿನ ಗುಂಯ್‌ಗುಡುವಿಕೆಯನ್ನೂ ಹಿಡಿದುಕೊಳ್ಳುತ್ತದೆ. ಗಿಬ್ಸನ್ ಕಂಪನಿಯ ಸೇತ್ ಲವರ್ 1955ರ ಹೊತ್ತಿಗೆ ಎರಡು ಸುರುಳಿಗಳನ್ನು ಒಂದಕ್ಕೊಂದು ವಿರುದ್ಧವಾಗಿ ಜೋಡಿಸಿ ಆ ಸದ್ದನ್ನು ಅಳಿಸಿದರು. ಅದೇ ಹಂಬಕರ್. ತಂತಿ ಮುಟ್ಟಿದೊಡನೆ ಗುಂಯ್ ಕಡಿಮೆಯಾದರೆ ಒಳಗಿನ ಅರ್ಥಿಂಗ್ ಸರಿಯಿದೆ ಎಂದು ತಿಳಿಯಿರಿ. ಮುಟ್ಟಿದಾಗ ಹೆಚ್ಚಾದರೆ ಮೊದಲು ಹುಡುಕಬೇಕಾದದ್ದು ಬಿಟ್ಟುಹೋದ ವಯರನ್ನು.

ಬದಲಿಸಲೇಬೇಕೆಂದಾದರೆ ಹಳೆಯ ಪಿಕಪ್ಪಿನ ಅಳತೆ ತೆಗೆದುಕೊಂಡೇ ಹೊಸದನ್ನು ತರಿಸಿ. ಸಾಮಾನ್ಯ ಅಳತೆಯ ಹಂಬಕರ್ ಒಂಟಿ ಸುರುಳಿಯ ಕಿಂಡಿಯಲ್ಲಿ ಕೂರದು. ವಾಲ್ಯೂಮ್ ಪಾಟ್, ಅಂದರೆ ದನಿ ಏರಿಸಿ ಇಳಿಸುವ ತಿರುಗುಗುಂಡಿಯ ಕೆಳಗಿನ ಬಿಡಿಭಾಗ, ಸಾಮಾನ್ಯವಾಗಿ ಒಂಟಿಗೆ 250 ಕಿಲೋಓಮ್, ಹಂಬಕರಿಗೆ 500. ಬೆಸುಗೆ ಬಾರದಿದ್ದರೆ ಕಲಬುರಗಿಯ ಯಾವುದಾದರೂ ಟಿವಿ, ಆಂಪ್ಲಿಫೈಯರ್ ರಿಪೇರಿ ಅಂಗಡಿಯಲ್ಲಿ ಗುಜರಿ ಬೋರ್ಡೊಂದನ್ನು ಕೇಳಿ ತನ್ನಿ. ಅದರ ಮೇಲೆ ಒಂದು ಸಂಜೆ ಕೈ ಪಳಗಲಿ. ಕಿಟಕಿ ತೆರೆದಿರಲಿ, ಆದರೆ ಫ್ಯಾನ್ ಆರಿಸಿ. ನಮ್ಮ ಬೇಸಿಗೆಯಲ್ಲಿ ಇದು ಕಷ್ಟವೇ, ಆದರೂ ಗಾಳಿ ಬಡಿದರೆ ಸೀಸ ಅರ್ಧ ಕರಗಿ ಬೂದುಬಣ್ಣಕ್ಕೆ ತಿರುಗುತ್ತದೆ. ಅಂಥ ಬೆಸುಗೆ ಹೆಚ್ಚು ದಿನ ಬಾಳದು.

ಹಳೆಯ ವಯರಿಂಗಿನ ಫೋಟೋ ತೆಗೆಯದೆ ಒಂದು ವಯರನ್ನೂ ಬಿಚ್ಚಬೇಡಿ. ಹೊಸದರ ಬಣ್ಣಗಳನ್ನು ಹಳೆಯದಕ್ಕೆ ಹೋಲಿಸಿ ಜೋಡಿಸಲೂ ಬೇಡಿ. ಒಂದು ಕಂಪನಿಯ ಬಿಳಿ ವಯರು ಇನ್ನೊಂದರಲ್ಲಿ ಬೇರೆ ಕೆಲಸಕ್ಕಿರುತ್ತದೆ, ಡಬ್ಬಿಯೊಳಗಿನ ನಕ್ಷೆಯನ್ನೇ ನಂಬಿ. ಪಾಟಿನ ಬೆನ್ನು ಲೋಹದ್ದು, ಶಾಖ ಎಳೆದುಕೊಳ್ಳುತ್ತದೆ. ಅಲ್ಲಿಗೆ 40 ವ್ಯಾಟಿನ ಬೆಸುಗೆ ಐರನ್ ಬೇಕು, 25 ವ್ಯಾಟಿನದು ಸಾಲದು. ಬ್ರಿಜ್ಜಿನಿಂದ ಬರುವ ಒಂಟಿ ವಯರನ್ನು ಮರೆತರೆ ಗುಂಯ್ ಸದ್ದು ಮರಳಿ ಬರುತ್ತದೆ.

ತಂತಿ ಕಟ್ಟುವ ಮೊದಲು ಆಂಪ್ಲಿಫೈಯರಿನ ಕೇಬಲ್ ಚುಚ್ಚಿ, ಸ್ವಿಚ್ ಬದಲಿಸುತ್ತ ಪ್ರತಿ ಪಿಕಪ್ಪನ್ನೂ ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ. ಟಕ್ ಎಂದರೆ ಜೀವವಿದೆ. ಎರಡು ಪಿಕಪ್ ಒಟ್ಟಿಗೆ ನುಡಿಸಿದಾಗ ದನಿ ತೆಳುವಾಗಿ, ಮಂದ್ರವೆಲ್ಲ ಸೋರಿಹೋದಂತೆ ಕೇಳಿದರೆ ಗಾಬರಿಯಾಗಬೇಡಿ. ಒಂದು ಇನ್ನೊಂದಕ್ಕೆ ಎದುರಾಗಿ ದುಡಿಯುತ್ತಿದೆ. ಎರಡು ವಯರಿನ ಪಿಕಪ್ ಆಗಿದ್ದು, ಲೋಹದ ಕವಚ ಇಲ್ಲದಿದ್ದರೆ ಆ ಎರಡನ್ನು ಅದಲುಬದಲು ಮಾಡಿ ಮತ್ತೆ ಬೆಸೆಯಿರಿ. ಹಳೆಯ ಪಿಕಪ್ಪನ್ನು ಅದರ ಸ್ಕ್ರೂಗಳ ಸಮೇತ ಡಬ್ಬಿಯಲ್ಲಿ ಎತ್ತಿಡಿ.