ಕೈಯಳತೆಯನ್ನು ನಂಬಬೇಡಿ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ನನ್ನಿಂದ ವಿಜ್ಞಾನ ಕಲಿತು, ಈಗ ಅಮೆರಿಕದಲ್ಲಿ ನೆಲೆಸಿರುವ ಶಿಷ್ಯನೊಬ್ಬ ಕಳೆದ ತಿಂಗಳು ಫೋನು ಮಾಡಿದ್ದ. ಗುರಿಯಭ್ಯಾಸ ಅವನ ಹವ್ಯಾಸ. ರೈಫಲ್ಲಿನ ತೋಟಾಗಳನ್ನೂ ತಾನೇ ತುಂಬಿಕೊಳ್ಳುತ್ತಾನಂತೆ. “ಸಾರ್, ಎಲ್ಲವನ್ನೂ ಒಂದೇ ರೀತಿ ತುಂಬುತ್ತೇನೆ. ಆದರೂ ಗುಂಡುಗಳು ಒಂದೇ ಕಡೆ ಬೀಳುವುದಿಲ್ಲ, ಯಾಕೆ?” ಎಂದ. “ಒಂದೇ ರೀತಿ ಎಂಬುದು ನಿನಗೆ ಹೇಗೆ ಗೊತ್ತು?” ಎಂದೆ. ಅವನು ಸುಮ್ಮನಾದ.

ಆ ಪ್ರಶ್ನೆಯನ್ನು ನನಗೆ ಕಲಿಸಿದ್ದು ಬಿ.ಎಡ್. ಅಲ್ಲ, ನನ್ನ ದೊಡ್ಡಪ್ಪನ ಎಡಗೈ. ಊರಿನಲ್ಲಿ ಅವರ ಬಳಿ ಬೆಳೆ ಕಾಯಲು ಒಂದು ಕೇಪಿನ ಕೋವಿಯಿತ್ತು. ಮದ್ದನ್ನು ಅಂಗೈಗೆ ಸುರಿದುಕೊಂಡು ಅಂದಾಜಿನಲ್ಲೇ ನಳಿಗೆಗೆ ಹಾಕಿ, ನಾರು ತುರುಕಿ, ಗಜದಿಂದ ಜಡಿದು, ಮೇಲೆ ಚರೆ ತುಂಬುತ್ತಿದ್ದರು. ಅಳತೆಯ ಮಾತೆತ್ತಿದರೆ “ಕೈಗೆ ಗೊತ್ತಿರುತ್ತೆ ಕಣೋ” ಎನ್ನುತ್ತಿದ್ದರು. ಒಂದು ಮಳೆಗಾಲದ ರಾತ್ರಿ ಗದ್ದೆಗೆ ಹಂದಿ ನುಗ್ಗಿತು. ಸಂಜೆಯೇ ಈಡು ತುಂಬಿಟ್ಟಿದ್ದನ್ನು ಮರೆತು, ಕತ್ತಲಲ್ಲಿ ಅದರ ಮೇಲೆ ಇನ್ನೊಂದು ಈಡು ತುಂಬಿದರು. ನಳಿಗೆ ಸಿಡಿಯಿತು. ಎರಡು ಬೆರಳು ಹೋದವು. ಗಜದ ಮೇಲೆ ಒಂದು ಗೀರು ಎಳೆದಿದ್ದರೆ ಸಾಕಿತ್ತು. ಗಜ ಎಷ್ಟು ಆಳಕ್ಕೆ ಇಳಿಯುತ್ತದೆಂದು ನೋಡಿದೊಡನೆ ನಳಿಗೆ ಖಾಲಿಯೋ ತುಂಬಿದೆಯೋ ತಿಳಿಯುತ್ತಿತ್ತು. ಕೈಗೆ ಗೊತ್ತಿರಲಿಲ್ಲ, ಗೀರಿಗೆ ಗೊತ್ತಿರುತ್ತಿತ್ತು.

ಶಿಷ್ಯನ ತೊಂದರೆಯೂ ಇದೇ ಜಾತಿಯದು. ರೈಫಲ್ಲಿನ ಮದ್ದನ್ನು ಗ್ರೇನ್ ಲೆಕ್ಕದಲ್ಲಿ ತೂಗುತ್ತಾರೆ. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ, ನಮ್ಮ ಅಕ್ಕಸಾಲಿಗರ ಗುಲಗಂಜಿಯ ಹೆಚ್ಚುಕಡಿಮೆ ಅರ್ಧ ತೂಕ. ಚಿನ್ನ ತೂಗುವಾಗ ಗಾಳಿ ತಾಗದಂತೆ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವ ಎಚ್ಚರವೇ ಇಲ್ಲಿಯೂ ಬೇಕು. ಮದ್ದು ವ್ಯತ್ಯಾಸವಾದರೆ ಗುಂಡಿನ ವೇಗ ವ್ಯತ್ಯಾಸವಾಗುತ್ತದೆ. ನಿಧಾನವಾದ ಗುಂಡು ದೂರದ ಗುರಿಯಲ್ಲಿ ಕೆಳಗೆ ಬೀಳುತ್ತದೆ.

ಮದ್ದು ಸರಿಯಾಗಿದ್ದರೂ ಸಾಲದು. ಹಿತ್ತಾಳೆಯ ಖಾಲಿ ತೋಟಾಗಳೆಲ್ಲ ಒಂದೇ ತಯಾರಿಕೆಯವಾಗಿರಬೇಕು; ಗೋಡೆ ದಪ್ಪವಾದರೆ ಒಳಗಿನ ಜಾಗ ಕಿರಿದಾಗಿ ಒತ್ತಡ ಏರುತ್ತದೆ. ಹಲವು ಬಾರಿ ಬಳಸಿದ ಹಿತ್ತಾಳೆ ಗಡುಸಾಗುತ್ತದೆ. ಆಗ ತೋಟಾದ ಕತ್ತು ಗುಂಡನ್ನು ಹಿಡಿಯುವ ಬಿಗಿ ಬದಲಾಗುತ್ತದೆ. ಗುಂಡು ಕೂರುವ ಆಳ, ಕೇಪಿನ ತಯಾರಿಕೆ, ಎಲ್ಲವೂ ಹೀಗೆಯೇ. ವಿಚಾರಿಸಿದಾಗ ನಮ್ಮವನು ಮೂರು ಕಂಪನಿಗಳ ತೋಟಾಗಳನ್ನು ಒಂದೇ ಡಬ್ಬದಲ್ಲಿ ಬೆರೆಸಿದ್ದನೆಂದು ತಿಳಿಯಿತು!

ಇನ್ನೊಂದು ತಪ್ಪೂ ಇತ್ತು. ಮೂರು ಗುಂಡು ಒತ್ತಾಗಿ ಬಿದ್ದೊಡನೆ “ಇದೇ ಸರಿಯಾದ ಪ್ರಮಾಣ” ಎಂದು ತೀರ್ಮಾನಿಸುತ್ತಿದ್ದ. ಒಂದು ಕಿರುಪರೀಕ್ಷೆಯ ಅಂಕದಿಂದ ಹುಡುಗನ ಯೋಗ್ಯತೆ ಅಳೆದಂತಾಯಿತು ಅದು. ಮೂರು ಗುಂಡು ಅದೃಷ್ಟದಿಂದಲೂ ಹತ್ತಿರ ಬಿದ್ದಾವು. ಇಪ್ಪತ್ತು ಹಾರಿಸಿದಾಗ ನಿಜ ಹೊರಬೀಳುತ್ತದೆ. ಒಮ್ಮೆಗೆ ಒಂದನ್ನೇ ಬದಲಿಸು, ಬರೆದಿಡು, ಕೈಪಿಡಿಯ ಮಿತಿಯನ್ನು ಎಂದೂ ಮೀರಬೇಡ ಎಂದು ಹೇಳಿದೆ. ಪ್ರಯೋಗಾಲಯದಲ್ಲಿ ನಾನು ಹೇಳಿಕೊಟ್ಟಿದ್ದೂ ಇದನ್ನೇ.

ಅನುಭವಕ್ಕೆ ಬೆಲೆಯಿಲ್ಲವೇ ಎಂದು ನೀವು ಕೇಳಬಹುದು. ಖಂಡಿತ ಇದೆ. ಆದರೆ ಅನುಭವವು ಅಳತೆಯ ಜೊತೆಗಿರಬೇಕೇ ಹೊರತು ಅದರ ಬದಲಿಗಲ್ಲ. 1923ರಲ್ಲಿ ಕಬ್ಬಿಣ ಕರಗಿಸತೊಡಗಿದ ನಮ್ಮೂರ ಕಾರ್ಖಾನೆಯಲ್ಲಿ ದುಡಿದವರ ಮಕ್ಕಳು ನಿಮ್ಮಲ್ಲಿ ಅನೇಕರಿದ್ದೀರಿ. ಎಷ್ಟೇ ಪಳಗಿದ ಕಣ್ಣಾದರೂ ಲೋಹದ ಮಾದರಿಯನ್ನು ಪರೀಕ್ಷೆಗೆ ಕಳಿಸಲೇಬೇಕೆಂಬುದು ನಿಮಗೆ ಗೊತ್ತು.

ಇಲ್ಲಿರುವವರಿಗೆ ಒಂದು ಎಚ್ಚರಿಕೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಇದನ್ನು ಓದಿ ಯಾರೂ ಪ್ರಯೋಗಕ್ಕೆ ಇಳಿಯಬೇಡಿ. ಆದರೆ ಮಲೆನಾಡಿನಲ್ಲಿ ಪರವಾನಗಿಯ ಕೇಪಿನ ಕೋವಿ ಇಟ್ಟುಕೊಂಡಿರುವ ಬಂಧುಗಳು ಇಂದೇ ಗಜವನ್ನು ಖಾಲಿ ನಳಿಗೆಗೆ ಇಳಿಸಿ ಒಂದು ಗೀರು ಎಳೆದುಬಿಡಿ. ದೊಡ್ಡಪ್ಪ ಆಮೇಲೆ ಎಳೆದಿದ್ದರು. ಆ ಗಜ ಈಗಲೂ ನಮ್ಮ ಮನೆಯಲ್ಲಿದೆ.